ಒಂಬತ್ತು ನಂಬರಿನ ಅಮೃತಪ್ಪ

ಹೈದರಾಬಾದಿನ ನಾಚಾರಂ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರದಲ್ಲಿ ತಿರುಗುವ ಶಾಫ್ಟು, ಅದನ್ನು ಬಿಗಿಯಾಗಿ ಹಿಡಿಯುವ ಬುಶ್ಶು ತಯಾರಾಗುತ್ತವೆ. ತಯಾರಾದ ಮಾಲು ಗೇಟು ದಾಟಬೇಕಾದರೆ ಮೊದಲು ಅಮೃತಪ್ಪನ ಕಣ್ಣು ದಾಟಬೇಕು. ಚಿತ್ರಗುಪ್ತನ ಮುಂದೆ ಹಾದು ಸ್ವರ್ಗಕ್ಕೆ ಹೋಗುವುದು ಇದಕ್ಕಿಂತ ಸಲೀಸು. ಬುಶ್ಶಿನೊಳಗೆ ಶಾಫ್ಟು ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಅಮೃತಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಅಲುಗಿಸಿ, "ರಿಜೆಕ್ಟ್" ಎಂದು ಕೆಂಪು ಡಬ್ಬಿಗೆ ಒಗೆಯುತ್ತಿದ್ದ. ಉಪ್ಪಿನಕಾಯಿ ಭರಣಿಯ ಮುಚ್ಚಳ ಸಡಿಲಾದರೆ ಈತ ಊಟ ಬಿಟ್ಟು ಏಳುತ್ತಾನೆ, ಮದುವೆಯ ದಿನ ಹೆಣ್ಣಿನ ಬೆರಳಿಗೆ ಉಂಗುರ ತೊಡಿಸುವ ಮೊದಲು ಅದನ್ನು ವರ್ನಿಯರ್ ಅಳತೆಗೋಲಿನಿಂದ ಅಳೆದಿದ್ದ ಎಂದು ಕಾರ್ಖಾನೆಯವರು ಹೇಳುತ್ತಾರೆ. ಉಂಗುರದ ಮಾತು ಸುಳ್ಳಿರಬಹುದು. ಉಪ್ಪಿನಕಾಯಿಯದು ನಿಜ.

ಇಂಥ ಮನುಷ್ಯ ತನ್ನ ಕಾಲಿಗೆ ಮಾತ್ರ ಎರಡು ನಂಬರು ದೊಡ್ಡ ಬೂಟು ಹಾಕುತ್ತಿದ್ದ.

ತಪ್ಪು ಆತನದಲ್ಲ, ಆತನ ಅವ್ವನದು. ಅವ್ವನದೂ ಅಲ್ಲ, ಇಡೀ ಹುಮನಾಬಾದ್ ಸೀಮೆಯ ಅವ್ವಂದಿರದು. ಮಗನಿಗೆ ಬೂಟು ಕೊಡಿಸುವಾಗ "ಬೆಳೆಯೋ ಕಾಲು, ಎರಡು ನಂಬರ್ ದೊಡ್ಡದು ಕೊಡ್ರಿ" ಎನ್ನದ ತಾಯಿ ಆ ಸೀಮೆಯಲ್ಲಿ ಹುಟ್ಟಿಯೇ ಇಲ್ಲ. ಮುಂದಿನ ಖಾಲಿ ಜಾಗಕ್ಕೆ ಒಂದಿಷ್ಟು ಹತ್ತಿ ತುರುಕಿದರೆ ಆಯಿತು. ಕಾಲು ಬೆಳೆದು ಹತ್ತಿ ತೆಗೆಯುವ ಹೊತ್ತಿಗೆ ಬೂಟು ಹರಿದಿರುತ್ತಿತ್ತು. ಮತ್ತೆ ದೊಡ್ಡದು, ಮತ್ತೆ ಹತ್ತಿ. ಹೀಗೆ ಓಡುತ್ತಾ ಓಡುತ್ತಾ ಒಂದು ದಿನ ಕಾಲು ಬೆಳೆಯದೆ ನಿಂತುಬಿಟ್ಟಿತು. ಅದನ್ನು ಯಾರೂ ಬೂಟಿಗೆ ತಿಳಿಸಲಿಲ್ಲ. ಅದು ಒಂಬತ್ತು ನಂಬರಿಗೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ನೆಂಟರಿಗೆ ಕಾಯುವವರ ಹಾಗೆ ಕಾಯುತ್ತಾ ಕೂತಿತು. ಈಗ ಅಮೃತಪ್ಪನ ತಲೆಯಲ್ಲಿ ನೆರೆಗೂದಲು. ಆದರೂ ಅಂಗಡಿಗೆ ಹೋದರೆ ಅದೇ ಮಾತು: "ಒಂಬತ್ತು ಕೊಡ್ರಿ." ಒಂಬತ್ತು ನಂಬರಿನ ಗಂಡಸು ಎಂಬ ಸಣ್ಣದೊಂದು ಹೆಮ್ಮೆಯೂ ಒಳಗೊಳಗೇ ಇತ್ತು.

ರಕ್ತದಲ್ಲಿ ಸಕ್ಕರೆ ಏರಿದಾಗ ಡಾಕ್ಟರು ದಿನಾ ನಡೆಯಲು ಹೇಳಿದರು. ಆ ಬೂಟಿನಲ್ಲಿ ನಡೆದು ಹಿಮ್ಮಡಿಯಲ್ಲಿ ಎದ್ದ ಗುಳ್ಳೆ ಸಣ್ಣ ಬದನೆಕಾಯಿಯಷ್ಟಾಯಿತು. "ಹಂಗಾರ ಸೈಕಲ್ ಹೊಡೀರಿ" ಎಂದರು. ಅಮೃತಪ್ಪ ಸೈಕಲ್ ಕೊಂಡ. ಹೈದರಾಬಾದಿನಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ ಹೊಡೆಯುವ ಕನ್ನಡಿಗರ ತಂಡವೊಂದಕ್ಕೆ ಸೇರಿಯೂ ಬಿಟ್ಟ. ಎಲ್ಲರೂ ಐಟಿಯ ಹುಡುಗ ಹುಡುಗಿಯರು. ಮುಂದಾಳು ಮೈಸೂರಿನ ಯಶವಂತ. ಬಾಳೆಹಣ್ಣು ತಿನ್ನುವ ಮೊದಲು ಅದರಲ್ಲಿ ಎಷ್ಟು ಶಕ್ತಿ ಇದೆ ಎಂದು ಅದಕ್ಕೇ ವಿವರಿಸುವಂಥವನು. ಆತನ ಹೆಂಡತಿ ನಳಿನಿ ನೀರು, ಹಣ್ಣು ತುಂಬಿಕೊಂಡು ಕಾರಿನಲ್ಲಿ ಹಿಂದೆ ಬರುತ್ತಿದ್ದಳು. ಕುಂದಾಪುರದ ಪೂರ್ವಿ ಎಂಬವಳು ಎಲ್ಲರಿಗಿಂತ ಮುಂದೆ ಹೋಗಿ ಟೀ ಅಂಗಡಿ ಹುಡುಕುತ್ತಿದ್ದಳು.

ಏರು ಬಂದಾಗಲೆಲ್ಲ ಅಮೃತಪ್ಪನ ಬೂಟು ಪೆಡಲಿನಿಂದ ಜಾರುತ್ತಿತ್ತು. ಉಳಿದವರ ಬೂಟಿನ ತಳದಲ್ಲಿ ಒಂದು ಲೋಹದ ತುಂಡು. ಅದು ಪೆಡಲಿಗೆ ಟಕ್ಕೆಂದು ಕಚ್ಚಿಕೊಂಡು ಕಾಲು ಜಾರದ ಹಾಗೆ ಹಿಡಿಯುತ್ತಿತ್ತು. ಇಳಿಯುವಾಗ ಹಿಮ್ಮಡಿಯನ್ನು ಹೊರಗೆ ತಿರುಗಿಸಿದರೆ ಬಿಡುತ್ತಿತ್ತು. ಅದಕ್ಕೆ ಕ್ಲಿಪ್‌ಲೆಸ್ ಪೆಡಲ್ ಎಂದು ಹೆಸರು. ಅಮೃತಪ್ಪನಿಗೆ ಅದು ಬೇಕೇ ಬೇಕಾಯಿತು. ಏಕೆಂದರೆ ಚಳಿಗಾಲದಲ್ಲಿ ತಂಡ ಬೀದರಿಗೆ ಹೋಗುವುದೆಂದು ನಿಕ್ಕಿಯಾಗಿತ್ತು. ಬೀದರಿನಲ್ಲಿ ಆತನ ಅಕ್ಕ ಬಂಡೆಮ್ಮ ಇದ್ದಳು. ಫೋನಿನಲ್ಲಿ ಸುದ್ದಿ ಕೇಳಿ, "ಸೈಕಲ್ ಮ್ಯಾಲ ಬರ್ತೀಯಾ? ಯಾಕೋ ತಮ್ಮಾ, ಬಸ್ಸು ನಿಂತಾವೇನು?" ಎಂದು ನಕ್ಕಿದ್ದಳು. ಆ ನಗೆಯನ್ನು ಆಕೆಯ ಅಂಗಳಕ್ಕೇ ಹೋಗಿ ಸೈಕಲ್ ಮೇಲಿಂದ ವಾಪಸು ಕೊಡುವುದೊಂದೇ ಅಮೃತಪ್ಪನ ಜೀವಿತದ ಗುರಿಯಾಯಿತು.

ಯಶವಂತ ಆತನನ್ನು ಖದೀರ್ ಭಾಯಿಯ ಸೈಕಲ್ ಅಂಗಡಿಗೆ ಕರೆದುಕೊಂಡು ಹೋದ.

"ನೋಡಿ ಸಾರ್, ಇದರಲ್ಲಿ ಎರಡು ಜಾತಿ," ಎಂದು ಯಶವಂತ ಶುರು ಮಾಡಿದ. "ಇದು ರೇಸಿನವರದ್ದು. ತಳದಲ್ಲಿ ದೊಡ್ಡ ತುಂಡು, ಮೂರು ಬೋಲ್ಟು. ತುಳಿಯೋಕೆ ಚೆನ್ನಾಗಿರುತ್ತೆ, ಆದ್ರೆ ಇಳಿದು ನಡೆದ್ರೆ ಬಾತುಕೋಳಿ."

"ನಾವು ಟೀ ಕುಡಿಯಾಕ ಇಳೀಬೇಕಲ್ರಿ."

"ಅದಕ್ಕೇ ನಿಮಗೆ ಇದು. ಸಣ್ಣ ತುಂಡು, ಎರಡೇ ಬೋಲ್ಟು, ತಳದ ಗುಳಿಯೊಳಗೆ ಕೂತಿರುತ್ತೆ, ನೆಲಕ್ಕೆ ತಾಗಲ್ಲ. ಸ್ಪ್ರಿಂಗನ್ನ ಸಡಿಲ ಇಟ್ಟುಕೊಳ್ಳಿ, ಕಾಲು ಬೇಗ ಬಿಡುತ್ತೆ. ಆದ್ರೆ ಸಾರ್, ಬೂಟು ಮಾತ್ರ ಸರಿಯಾದ ಅಳತೆಯದೇ ಬೇಕು. ಹಿಮ್ಮಡಿ ಮೇಲೆ ಏಳಬಾರದು, ಬೆರಳು ಮಾತ್ರ ಆಡಬೇಕು. ದೊಡ್ಡದು ತಗೋಬೇಡಿ."

"ಏ, ಅಳತೀ ಬಗ್ಗೆ ನಮಗ ಹೇಳ್ತೀರೇನ್ರಿ?" ಎಂದ ಅಮೃತಪ್ಪ.

ಆ ಹೊತ್ತಿಗೆ ಯಶವಂತನಿಗೆ ಆಫೀಸಿನ ಫೋನು ಬಂತು. ಆತ ಹೊರಗೆ ಹೋದ. ಆ ಸಣ್ಣ ಸಂದಿನಲ್ಲಿ ಅನಾಹುತ ನಡೆದುಹೋಯಿತು. ಖದೀರ್ ಭಾಯಿ ಆತನ ಪಾದ ನೋಡಿ, "ಸಾಬ್, ಸಾತ್ ಡಾಲ್ ಕೇ ದೇಖೋ" ಎಂದು ಏಳು ನಂಬರಿನ ಜೊತೆ ತಂದರು. ಅಮೃತಪ್ಪ ಅದನ್ನು ಮುಟ್ಟಲೂ ಇಲ್ಲ. "ನಕ್ಕೋ ಭಾಯಿ. ಅಪನ್ ಬಚ್‌ಪನ್ ಸೇ ನೌ ನಂಬರ್." ಚಿಕ್ಕಂದಿನಿಂದ ತನ್ನದು ಒಂಬತ್ತೇ ಎಂದು, ಒಂಬತ್ತರ ಜೊತೆಯನ್ನೇ ತರಿಸಿ ಕಾಲು ತೂರಿಸಿದ.

"ಪಾಂವ್ ಅಂದರ್ ಘೂಮ್ರಾ ಸಾಬ್!" ಕಾಲು ಒಳಗೇ ತಿರುಗುತ್ತಿದೆ ಎಂದು ಖದೀರ್ ಭಾಯಿ ಬಡಕೊಂಡರು.

"ಘೂಮ್ನೇ ದೋ. ಹವಾ ಆತಾ." ತಿರುಗಲಿ ಬಿಡು, ಗಾಳಿಯಾಡುತ್ತದೆ ಎಂದ ಅಮೃತಪ್ಪ.

ಗಿರಾಕಿ ದೇವರು, ದೇವರಿಗೆ ಕಿವಿ ಕೇಳದಿದ್ದರೆ ಪೂಜಾರಿ ಏನು ಮಾಡಿಯಾನು? ಯಶವಂತ ಒಳಗೆ ಬರುವಷ್ಟರಲ್ಲಿ ಒಂಬತ್ತು ನಂಬರು ಡಬ್ಬಿಯೊಳಗಿತ್ತು, ಡಬ್ಬಿ ಅಮೃತಪ್ಪನ ಕಂಕುಳಲ್ಲಿತ್ತು.

ಮೊದಲ ಭಾನುವಾರ ಹಬ್ಸಿಗೂಡದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಎಲ್ಲರೂ ಟಕ್ ಟಕ್ ಎಂದು ಕಾಲು ಬಿಡಿಸಿ ನಿಂತರು. ಅಮೃತಪ್ಪ ಹಿಮ್ಮಡಿ ತಿರುಗಿಸಿದ. ಹಿಮ್ಮಡಿ ಬಂಗಲೆಯಂಥ ಆ ಬೂಟಿನೊಳಗೆ ಆರಾಮವಾಗಿ ಒಂದು ಪ್ರದಕ್ಷಿಣೆ ಹಾಕಿತು. ಬೂಟು ಮಾತ್ರ ಜಪಕ್ಕೆ ಕೂತ ಸ್ವಾಮಿಯ ಹಾಗೆ ಕದಲಲಿಲ್ಲ. ಸೈಕಲ್ ನಿಂತಿತು. ಆಮೇಲೆ, ನೋಡಿದವರ ಪ್ರಕಾರ, ಅಮೃತಪ್ಪ ಬಿದ್ದದ್ದು ಎಷ್ಟು ನಿಧಾನವಾಗಿತ್ತೆಂದರೆ, ಪಕ್ಕದ ಆಟೋದವನು ಬೀಡಿ ಹಚ್ಚಿ, ಒಂದು ದಮ್ಮು ಎಳೆದು, "ಅಯ್ಯೋ, ಪೆದ್ದಾಯನ ಪಡಿಪೋತುನ್ನಾಡು!" ಎಂದು ತೆಲುಗಿನಲ್ಲಿ, ಹಿರಿಯರು ಬೀಳುತ್ತಿದ್ದಾರೆಂದು, ಕೂಗುವವರೆಗೂ ಆತ ಇನ್ನೂ ಬೀಳುತ್ತಲೇ ಇದ್ದ. ನೆಲ ಮುಟ್ಟುವ ಮೊದಲು ಸಿಗ್ನಲ್ಲು ಹಸಿರಾಗಿತ್ತು.

ಎರಡನೆಯ ಸಲ ಬಿದ್ದದ್ದು ಸ್ವಂತ ಮನೆಯ ಗೇಟಿನ ಮುಂದೆ, ಹೆಂಡತಿ ಶರಣಬಸಮ್ಮ ರಂಗೋಲಿ ಹಾಕುತ್ತಿದ್ದಾಗ, ಸರಿಯಾಗಿ ಆ ರಂಗೋಲಿಯ ಮೇಲೆ.

ಶರಣಬಸಮ್ಮ ದನಿ ಏರಿಸುವ ಹೆಂಗಸಲ್ಲ. ಹಾಗಾಗಿಯೇ ಆಕೆಯ ಮಾತಿಗೆ ಮೇಲ್ಮನವಿ ಇರಲಿಲ್ಲ. ಮೊಣಕೈಗೆ ಅರಿಶಿನ ಹಚ್ಚುತ್ತಾ ಹೇಳಿದಳು: "ಇನ್ನೊಮ್ಮೆ ಬಿದ್ದದ್ದು ನಾ ಕಂಡ್ನೆಂದ್ರ ಸೈಕಲ್ ನಮ್ಮ ಬೂದೆಪ್ಪಗ. ಹಾಲಿನ ಕ್ಯಾನ್ ಕಟ್ಟಾಕ ಚಲೋ ಐತಿ ಅಂತ ಆವತ್ತೇ ಅಂದಾನ."

ಬೂದೆಪ್ಪ ಆಕೆಯ ತಮ್ಮ. ಉಪ್ಪಲ್ ಕಡೆ ಮನೆಮನೆಗೆ ಹಾಲು ಹಾಕುವವನು. ಬಂದಾಗಲೆಲ್ಲ ಸೈಕಲ್ಲಿನ ಹಿಂಭಾಗವನ್ನು ಹೆಣ್ಣು ನೋಡಲು ಬಂದ ಗಂಡಿನ ಹಾಗೆ ನೋಡಿ ಹೋಗುತ್ತಿದ್ದ.

"ಬೀದರ್‌ಗೆ ಹೋಗೋದೈತಲ್ಲಾ?" ಎಂದ ಅಮೃತಪ್ಪ.

"ಬಸ್ಸು ನಿಂತಾವೇನು?" ಎಂದಳು. ಅಕ್ಕ ಮತ್ತು ಹೆಂಡತಿ ಫೋನಿನಲ್ಲಿ ಮಾತಾಡಿಕೊಂಡಿದ್ದಾರೆಂದು ಆತನಿಗೆ ಆಗ ತಿಳಿಯಿತು.

ಕಷ್ಟ ಬಂದಾಗ ಬುದ್ಧಿ ಬರುತ್ತದೆ. ಅಮೃತಪ್ಪನಿಗೂ ಬಂತು, ಸ್ವಲ್ಪ ಓರೆಯಾಗಿ. ಬೂಟು ಪೆಡಲನ್ನು ಬಿಡದಿದ್ದರೆ ಬೇಡ. ಕಾಲು ಬೂಟನ್ನು ಬಿಟ್ಟರಾಯಿತಲ್ಲ! ಪಟ್ಟಿ ಸಡಿಲ ಮಾಡಿ ಎಳೆದರೆ ಕಾಲು ಬೂಟಿನಿಂದ, ಸುಲಿದ ಹಣ್ಣಿನ ಹಾಗೆ, ಸರಾಗವಾಗಿ ಹೊರಬರುತ್ತಿತ್ತು. ಮುಂದಿನ ಭಾನುವಾರ ಟೀ ಅಂಗಡಿಯ ಮುಂದೆ ಆತ ಬರೀ ಕಾಲುಚೀಲದಲ್ಲಿ ಇಳಿದು, ಸೈಕಲ್ಲನ್ನು ಗೋಡೆಗೆ ಆನಿಸಿ, ರಾಜನ ಗತ್ತಿನಲ್ಲಿ ಬೆಂಚಿನ ಮೇಲೆ ಕೂತ. ಬೂಟುಗಳೆರಡೂ ಪೆಡಲಿಗೇ ಜೋತುಬಿದ್ದು, ಯಜಮಾನ ಯಾವಾಗ ಬರುತ್ತಾನೋ ಎಂದು ನೋಡುತ್ತಿದ್ದವು.

ಪೂರ್ವಿ ಟೀ ಲೋಟ ಹಿಡಿದವಳು ಹಾಗೇ ನಿಂತಳು. "ಸರ್! ಈಜಿ, ಸೈಕಲ್ ಹೊಡೆದು, ಆಮೇಲೆ ಓಡುವ ಸ್ಪರ್ಧೆ ಉಂಟಲ್ಲ, ಅದರಲ್ಲಿ ದೊಡ್ಡ ದೊಡ್ಡವರು ಹೀಗೇ ಮಾಡುದು ಮಾರಾಯ್ರೆ. ಶೂ ಪೆಡಲಲ್ಲೇ ಬಿಟ್ಟು ಹಾರುದು. ನಿಮಗೆ ಯಾರು ಕಲಿಸಿದ್ದು?"

"ಇದ್ರಾಗ ಕಲಿಸೋದೇನೈತಿ ತಂಗಿ? ನಮ್ಮ ಕಡೆ ಎಲ್ಲಿ ಹೋದ್ರೂ ಕಾಲ್ಮರಿ ಹೊರಗೇ ಬಿಡೋ ಪದ್ಧತಿ."

"ಅವರು ಅದನ್ನ ಓಡೋಕೆ ಮಾಡ್ತಾರೆ," ಎಂದ ಯಶವಂತ ಅನುಮಾನದಿಂದ. "ನೀವು ಮಿರ್ಚಿ ಬಜ್ಜಿ ತಿನ್ನೋಕೆ ಮಾಡ್ತಿದ್ದೀರಿ."

ಆದರೆ ಯಶವಂತನ ಮಾತನ್ನು ಯಾರೂ ಕೇಳಲಿಲ್ಲ. ಮುಂದಿನ ಕೆಲವು ವಾರ ಅಮೃತಪ್ಪ ತಂಡದ ಗುರುವಾದ. ಹೊಸಬರು ಬಂದು "ಸರ್, ಇನ್ನೊಮ್ಮೆ ತೋರಿಸಿ" ಎನ್ನುತ್ತಿದ್ದರು. ಒಮ್ಮೆಯೂ ಬೀಳಲಿಲ್ಲ. ತಿರುಗಿ ಹೊರಡುವಾಗ ಮಾತ್ರ ಪೆಡಲ್ ಸುತ್ತುತ್ತಾ, ತಲೆಕೆಳಗಾಗಿ ಓಡುವ ಬೂಟಿನೊಳಗೆ ಕಾಲು ತೂರಿಸುವುದು, ಓಡುವ ಎಮ್ಮೆಗೆ ಅಂಗಿ ತೊಡಿಸಿದಷ್ಟು ಕಷ್ಟವಾಗುತ್ತಿತ್ತು. ಅದನ್ನು ಆತ ಯಾರೂ ನೋಡದ ತಿರುವಿನಲ್ಲಿ ಮುಗಿಸಿಕೊಂಡು ಬರುತ್ತಿದ್ದ.

ಗುರುವಿನ ಗುಟ್ಟು ಒಡೆದದ್ದು ಒಗೆಯುವ ಕಲ್ಲಿನ ಮೇಲೆ.

"ಏನ್ರಿ," ಎಂದು ಶರಣಬಸಮ್ಮ ಬಚ್ಚಲಿನಿಂದ ಕರೆದಳು. "ಸೈಕಲ್ ಹೊಡಿಯಾಕ ಹೋಗ್ತೀರೋ, ಕಾಲುಚೀಲದಾಗ ಗಾಣ ತಿರುವಾಕ ಹೋಗ್ತೀರೋ?"

"ಯಾಕ?"

"ಬೂಟಿನೊಳಗಿದ್ದ ಕಾಲುಚೀಲಕ್ಕ ಜಾಲಿಮುಳ್ಳು ಹೆಂಗ ಹತ್ತತೈತಿ? ತಳ ನೋಡ್ರಿಲ್ಲೆ, ರೊಟ್ಟಿ ಹಂಚು ಆಗೇತಿ. ಇಲ್ಲೊಂದು ಬಜ್ಜಿ ತುಂಡು ಬ್ಯಾರೆ."

ಅಮೃತಪ್ಪ ಸ್ಪರ್ಧೆಯ ಕತೆ, ದೊಡ್ಡ ದೊಡ್ಡವರ ಕತೆ, ಪದ್ಧತಿಯ ಕತೆ ಎಲ್ಲ ಹೇಳಿದ. ಆಕೆ ಕೈ ಒರೆಸಿಕೊಂಡು ಬಂದು ಬಾಗಿಲ ಹೊಸ್ತಿಲ ಮೇಲೆ ಕೂತಳು. "ಬೂಟು ಹಾಕ್ಕೊಂಡು ಬರ್ರಿ."

ಹಾಕಿಕೊಂಡು ಬಂದ. ಆಕೆ ಆ ಬೂಟನ್ನು, ಹಿಟ್ಟು ನಾದುವ ಪರಾತ ಹಿಡಿದ ಹಾಗೆ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. "ಈಗ ಹಿಮ್ಮಡಿ ತಿರುವ್ರಿ."

ತಿರುಗಿಸಿದ. ಬೂಟು ಆಕೆಯ ಕೈಯಲ್ಲಿ ಹಾಗೇ ಇತ್ತು. ಒಳಗೆ ಕಾಲು ಮಾತ್ರ ಚಾರ್‌ಮಿನಾರ್ ಸುತ್ತಿ ಬಂತು.



"ನಿಮ್ಮ ಫ್ಯಾಕ್ಟರ್ಯಾಗ ಇಂಥ ಮಾಲು ಬಂದ್ರ ಏನಂತೀರಿ?" ಎಂದಳು ಶರಣಬಸಮ್ಮ.

ಅಮೃತಪ್ಪ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದ.

"ಏನಂತೀರಿ? ಬಾಯಿ ಬಿಡ್ರಿ."

"ರಿಜೆಕ್ಟ್," ಎಂದ, ಬಾಗಿಲ ಬಳಿ ಕೂತ ಬೆಕ್ಕಿಗೂ ಕೇಳಿಸದಂಥ ದನಿಯಲ್ಲಿ.

ಸಂಜೆ ಇಬ್ಬರೂ ಸೈಕಲ್ ಸಮೇತ ಖದೀರ್ ಭಾಯಿಯ ಅಂಗಡಿಗೆ ಹೋದರು. ಸಂಜೆ ಕಾಲು ಕೊಂಚ ಊದಿರುತ್ತದೆ, ಬೂಟು ಕೊಳ್ಳಲು ಅದೇ ಸರಿಯಾದ ಹೊತ್ತು ಎಂದು ಯಶವಂತ ಫೋನಿನಲ್ಲಿ ಹೇಳಿದ್ದ. ಸೈಕಲ್ ಹೊಡೆಯುವಾಗಿನ ಕಾಲುಚೀಲವನ್ನೇ ಹಾಕಿಕೊಂಡು ಹೋಗಲೂ ಹೇಳಿದ್ದ. ಖದೀರ್ ಭಾಯಿ ಪಾದವನ್ನು ಅಳತೆಯ ಪಟ್ಟಿಯ ಮೇಲೆ ಇಡಿಸಿದರು. "ಸಾತ್," ಎಂದರು.

ಅಮೃತಪ್ಪ ಬಗ್ಗಿ ನೋಡಿದ. ಪಟ್ಟಿಯನ್ನು ತಿರುಗಿಸಿ ನೋಡಿದ. ಗೀಟುಗಳು ಸವೆದಿವೆಯೇ ಎಂದು ಕನ್ನಡಕ ಏರಿಸಿ ನೋಡಿದ. ಇನ್ನೊಂದು ಕಾಲನ್ನು ಇಟ್ಟ, ಅದಾದರೂ ಮಾನ ಕಾಪಾಡೀತೆಂದು. ಅದೂ ಏಳೇ. ಭಾಳ ಹಿಗ್ಗಿಸಿದರೆ ಏಳೂಕಾಲು. ಆ ಹೊತ್ತಿನಲ್ಲಿ ಆತನ ಮುಖ ನೋಡಿದವರಿಗೆ, ಯಾರೋ ಈತನ ಹೊಲದ ಎರಡು ಎಕರೆ ಒತ್ತುವರಿ ಮಾಡಿದ್ದಾರೆ ಅನ್ನಿಸಬೇಕು.

"ಇಷ್ಟು ವರ್ಷ..." ಎಂದ.

"ಇಷ್ಟು ವರ್ಷ ಬೂಟಿನ ಮುಂಭಾಗ ಬಾಡಿಗಿಗೆ ಕೊಟ್ಟಿದ್ರೂ ಆಗ್ತಿತ್ತು," ಎಂದಳು ಹೆಂಡತಿ.

ಏಳು ನಂಬರಿನ ಬೂಟು ಹಾಕಿದಾಗ ಆತ ಹೌಹಾರಿದ. "ಏ ಬಿಗಿ ಆತು! ಕಾಲು ಹಿಡ್ಕೊಂಡೈತಿ!"

"ಬೆರಳು ಆಡಸ್ರಿ," ಎಂದಳು ಶರಣಬಸಮ್ಮ. ಯಶವಂತನ ಪಾಠ ಫೋನಿನಲ್ಲಿ ಕೇಳಿದವಳು ಆಕೆಯೇ. "ಆಡತಾವ?"

"ಆಡತಾವ."

"ಹಿಮ್ಮಡಿ ಎತ್ರಿ. ಏಳತೈತೇನು?"

ಏಳಲಿಲ್ಲ. ಅಮೃತಪ್ಪ ಅಂಗಡಿಯಲ್ಲಿ ಆ ಮೂಲೆಯಿಂದ ಈ ಮೂಲೆಗೆ ನಡೆದ. ಹುಟ್ಟಿದಾಗಿನಿಂದ ಆತನ ಜೊತೆ ನಡೆಯುತ್ತಿದ್ದ ಟಪಕ್ ಟಪಕ್ ಸದ್ದು ನಿಂತುಹೋಗಿತ್ತು. ಹಿಂದೆ ಯಾರೋ ಬರುತ್ತಿದ್ದವರು ಕಾಣೆಯಾದರೆಂಬಂತೆ ಆತ ಎರಡು ಸಲ ತಿರುಗಿ ನೋಡಿದ. ಆಮೇಲೆ ಖದೀರ್ ಭಾಯಿ ತಳದ ಲೋಹದ ತುಂಡನ್ನು ಕಾಲಿನ ಹೆಬ್ಬೆರಳ ಬುಡದ ನೇರಕ್ಕೆ ಕೂರಿಸಿ, ಪೆಡಲಿನ ಸ್ಪ್ರಿಂಗನ್ನು ಪೂರ್ತಿ ಸಡಿಲ ಮಾಡಿದರು. ಸೈಕಲ್ಲಿನ ಮೇಲೆ ಕೂರಿಸಿ, ಇಬ್ಬರೂ ಎರಡು ಕಡೆ ಹಿಡಿದರು. ಅಮೃತಪ್ಪ ದೇವರನ್ನು ನೆನೆದು ಹಿಮ್ಮಡಿ ತಿರುಗಿಸಿದ.

ಟಕ್.

"ಬಿಡ್ತು!" ಎಂದ. ಮತ್ತೆ ಕಚ್ಚಿಸಿದ, ಮತ್ತೆ ಬಿಡಿಸಿದ. ಅಂಗಡಿ ಮುಚ್ಚುವ ಹೊತ್ತು ಮೀರಿ ಖದೀರ್ ಭಾಯಿ ಆಕಳಿಸಿ, ಆ ಆಕಳಿಕೆಯೊಳಗೆ ಶಟರಿನ ಬೀಗದ ಕೈ ಬಿದ್ದುಹೋಗುವಷ್ಟು ಬಾಯಿ ತೆರೆದರೂ ಆತ ಟಕ್ ಟಕ್ ನಿಲ್ಲಿಸಲಿಲ್ಲ.

ಅಂತೂ ಬೀದರಿಗೆ ಹೊರಡುವ ಬೆಳಗು ಬಂತು. ಶರಣಬಸಮ್ಮ ನಳಿನಿಯ ಕಾರಿನಲ್ಲಿ ಕೂತಳು. ಊರಿಗೆ ಹೋಗುವುದು ಒಂದು ನೆಪ, ತೀರ್ಪು ಕೊಡುವುದು ಇನ್ನೊಂದು. "ನಾ ಕಣ್ಣಾರೆ ನೋಡ್ತೀನಿ," ಎಂದಿದ್ದಳು. "ಬಿದ್ರ ಅಲ್ಲಿಂದನs ಬೂದೆಪ್ಪಗ ಫೋನು." ಅಮೃತಪ್ಪ ನಾಚಾರಂ ಬಿಟ್ಟ ಮೇಲೆ ಸಿಗ್ನಲ್ಲುಗಳನ್ನೆಲ್ಲ ಹಸಿರಿನಲ್ಲೇ ದಾಟಿದ. ದೀಪಗಳೂ ಆತನ ಪರವಾಗಿದ್ದವು ಅಥವಾ ಆತನನ್ನು ಕಂಡು ಹೆದರಿದ್ದವು.

ಪಟಾನ್‌ಚೆರುವಿನಲ್ಲಿ ನಳಿನಿ ಮುಂದೆ ಹೋಗಿ ರಸ್ತೆಯ ಎಡಕ್ಕೆ, ಮರಳು ಹಾಕಿದ್ದ ಜಾಗದ ಪಕ್ಕ ಕಾರು ನಿಲ್ಲಿಸಿದ್ದಳು. ಶಿಫ್ಟಿಗೆ ಹೋಗುವ ಕಾರ್ಮಿಕರು ಬಸ್ಸಿಗೆ ಕಾಯುತ್ತಿದ್ದರು. ಅಮೃತಪ್ಪ ಅಲ್ಲಿಗೆ ಬರುವುದಕ್ಕೂ ಒಂದು ಬಸ್ಸು ಗಕ್ಕನೆ ಆತನ ಮುಂದೆ ನುಗ್ಗಿ ನಿಲ್ಲುವುದಕ್ಕೂ ಸರಿಹೋಯಿತು. ಯೋಚಿಸಲು ಹೊತ್ತಿರಲಿಲ್ಲ. ಬ್ರೇಕು ಹಿಡಿದ, ಎಡ ಹಿಮ್ಮಡಿ ತಿರುಗಿಸಿದ, ಟಕ್ಕೆಂದಿತು, ಕಾಲು ನೆಲದ ಮೇಲಿತ್ತು. ಬಸ್ಸಿನ ಹಿಂಭಾಗ ಆತನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅಮೃತಪ್ಪ ಗೊಮ್ಮಟನ ಹಾಗೆ ನೆಟ್ಟಗೆ ನಿಂತಿದ್ದ.

ಸುತ್ತ ನೋಡಿದ. ಬಿದ್ದಾಗ ಅರ್ಧ ಹೈದರಾಬಾದು ಸೇರುತ್ತದೆ. ಬೀಳದೆ ನಿಂತವನನ್ನು ನಾಯಿಯೂ ಮೂಸುವುದಿಲ್ಲ. ಕಾರ್ಮಿಕರು ಬಸ್ಸು ಹತ್ತುತ್ತಿದ್ದರು. ಯಶವಂತ ಚಕ್ರದ ಗಾಳಿ ಒತ್ತಿ ನೋಡುತ್ತಿದ್ದ. ಶರಣಬಸಮ್ಮ ಕಾರಿನ ಬಾಗಿಲಲ್ಲಿ ಕೂತು, ತಲೆ ತಗ್ಗಿಸಿ ಬಾಳೆಹಣ್ಣು ಸುಲಿಯುತ್ತಿದ್ದಳು.

"ನೋಡಿದೇನ?" ಎಂದು ಕೂಗಿದ.

"ಏನು?"

"ನಿಂತೆ! ನಾ ನಿಂತೆ!"

"ಎಲ್ಲಾರೂ ನಿಂತಾರಲ್ರಿ. ಬರ್ರಿ, ಹಣ್ಣು ತಿನ್ರಿ."

ಇದು ಅನ್ಯಾಯ. ಇಂಥದ್ದನ್ನು ಅಮೃತಪ್ಪ ಸಹಿಸಿಯಾನೇ? "ತಡಿ, ತಡಿ, ಮತ್ತೊಮ್ಮೆ ತೋರಿಸ್ತೀನಿ. ಈ ಕಡೆ ನೋಡು!" ಎಂದು ಸೈಕಲ್ ತಿರುಗಿಸಿ ಹಿಂದಕ್ಕೆ ಹೋದ.

"ಅಂಕಲ್, ಬೇಡ, ಸಾಕು!" ಎಂದಳು ನಳಿನಿ.

ಸಾಕು ಎಂದರೆ ಕೇಳುವ ಕಾಲ ಮುಗಿದಿತ್ತು. ಎಡಗಾಲಿನ ಸಾಧನೆ ಆಗಿದೆ, ಈಗ ಬಲಗಾಲಿನದೂ ನೋಡಲಿ ಎಂದು ಅಮೃತಪ್ಪ ದಸರೆಯ ಆನೆಯ ಗಾಂಭೀರ್ಯದಲ್ಲಿ ಬಂದ. ಕಾರಿನ ಮುಂದೆ ಬ್ರೇಕು ಹಿಡಿದ. ಬಲ ಹಿಮ್ಮಡಿ ತಿರುಗಿಸಿದ. ಟಕ್, ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ಬಿಟ್ಟಿತು. ಬಲಗಾಲು ಹೂವಿನ ಹಾಗೆ ಗಾಳಿಯಲ್ಲಿ ಅರಳಿತು. ಆಗ, ಹೆಂಡತಿ ನೋಡುತ್ತಿದ್ದಾಳೋ ಇಲ್ಲವೋ ಎಂದು ಆತ ಎಡಕ್ಕೆ ತಿರುಗಿದ.

ತಿರುಗಿದ್ದು ತಲೆ. ಹಿಂದೆಯೇ ಹೊರಟದ್ದು ಭುಜ, ಹೊಟ್ಟೆ, ಸೈಕಲ್ಲು. ಎಡಗಾಲು ಪೆಡಲಿನಲ್ಲೇ ಭದ್ರವಾಗಿತ್ತು. ಬಿಡುಗಡೆಯಾದ ಬಲಗಾಲು ಆಕಾಶಕ್ಕೆ ಆಶೀರ್ವಾದ ಮಾಡುತ್ತಿರಲು, ಅಮೃತಪ್ಪ ಮರಳಿನ ಮೇಲೆ, ಹೆಂಡತಿಯ ಪಾದದ ಬುಡದಲ್ಲಿ, ಅಡ್ಡಲಾಗಿ ಒರಗಿದ. ಪೆಟ್ಟಾಗಲಿಲ್ಲ. ಮರಳು ಮೆತ್ತಗಿತ್ತು, ಅಭಿಮಾನ ಒಂದು ಬಿಟ್ಟರೆ ಎಲ್ಲ ಗಟ್ಟಿಯಾಗಿತ್ತು.

ಶರಣಬಸಮ್ಮ ಎರಡೂ ಕಣ್ಣು ತೆರೆದು ನೋಡಿದ್ದಳು. ಮೊದಲಿನಿಂದ ಕೊನೆಯವರೆಗೆ, ರೆಪ್ಪೆ ಬಡಿಯದೆ ನೋಡಿದ್ದಳು. ಯಶವಂತ ಓಡಿ ಬಂದು ಸೈಕಲ್ ಎತ್ತಿದ.  ಬೂದೆಪ್ಪನ ಹಾಲಿನ ಕ್ಯಾನಿನ ಕತೆ ಎಲ್ಲರಿಗೂ ಗೊತ್ತಿತ್ತು. ಅಮೃತಪ್ಪ ಮರಳಿನಲ್ಲಿ ಕೂತು, ನೆಲದಿಂದಲೇ ಆಕೆಯ ಮುಖ ನೋಡಿದ. ಬೀದರು, ಅಕ್ಕನ ಅಂಗಳ ಎಲ್ಲ ಆ ಮುಖದ ಹಿಂದೆ ನಿಂತಿದ್ದವು.

ಆಕೆ ಕೈಯಲ್ಲಿದ್ದ ಬಾಳೆಹಣ್ಣಿನ ಕಡೆಯ ಸಿಪ್ಪೆಯನ್ನು ನಿಧಾನವಾಗಿ ಬಿಡಿಸಿದಳು.

"ಏನ್ ನಳಿನವ್ವಾ," ಎಂದಳು, "ಹಣ್ಣು ಸುಲಿಯಾಕ ಕುಂತ್ರ ನನಗ ಬ್ಯಾರೆ ಏನೂ ಕಾಣಂಗಿಲ್ಲ ನೋಡು. ಈಗ ಏನರ ಆತೇನು?"

ನಳಿನಿ ತುಟಿ ಕಚ್ಚಿಕೊಂಡು, "ಏನೂ ಆಗಿಲ್ಲ ಆಂಟಿ," ಎಂದಳು.

"ಹಂಗಾರ ಇವರ್ಯಾಕ ಮರಳಾಗ ಕುಂತಾರ?" ಎಂದು ಶರಣಬಸಮ್ಮ ಗಂಡನ ಕೈಗೆ ಹಣ್ಣು ಕೊಟ್ಟಳು. "ಲಗೂನ ತಿಂದು ಏಳ್ರಿ. ಬೀದರ್ ಇನ್ನೂ ಭಾಳ ದೂರ ಐತಿ."